ಪಿಯಾನೊಗೆ ಶ್ರುತಿ, ಬದಲಿಗೆ ಒಂದು ಟೇಪು: ಥೆಲೋನಿಯಸ್ ಮಾಂಕ್ ಅವರ ‘ಪಾಲೊ ಆಲ್ಟೊ’

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಹೈಸ್ಕೂಲು. 1968ರ ಅಕ್ಟೋಬರ್ 27, ಭಾನುವಾರ. ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಜಾಝ್ ಕಛೇರಿ. ನುಡಿಸಲು ಬರುತ್ತಿರುವವರು ಅಮೆರಿಕದ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್. ಅದಕ್ಕೆ ಮುಂಚೆ ಶಾಲೆಯ ಜ್ಯಾನಿಟರ್, ಅಂದರೆ ಕಟ್ಟಡವನ್ನು ಗುಡಿಸಿ ಒರೆಸಿ ನೋಡಿಕೊಳ್ಳುವ ನೌಕರರು, ಕಛೇರಿ ಏರ್ಪಡಿಸಿದ್ದ ಹುಡುಗನ ಹತ್ತಿರ ಬಂದು ಒಂದು ಮಾತು ಕೇಳಿದರು. ಪಿಯಾನೊವನ್ನು ನಾನು ಶ್ರುತಿ ಮಾಡಿಕೊಡುತ್ತೇನೆ, ಕಛೇರಿಯನ್ನು ರೆಕಾರ್ಡ್ ಮಾಡಲು ಬಿಡುತ್ತೀಯಾ ಅಂತ. ಹುಡುಗ ಆಗಲಿ ಅಂದ.

ಆ ಟೇಪು 2020ರ ಸೆಪ್ಟೆಂಬರ್ 18ರಂದು ಇಂಪಲ್ಸ್ ಎಂಬ ರೆಕಾರ್ಡ್ ಕಂಪನಿಯಿಂದ ‘ಪಾಲೊ ಆಲ್ಟೊ’ ಎಂಬ ಆಲ್ಬಂ ಆಗಿ ಹೊರಬಂತು. ನುಡಿಸಿ ಹತ್ತಿರಹತ್ತಿರ 52 ವರ್ಷ ಆಗಿತ್ತು. ಮಾಂಕ್ ತೀರಿಕೊಂಡೇ 38 ವರ್ಷ ಕಳೆದಿತ್ತು.

ಕಲಾವಿದರು ಹೋದ ಮೇಲೆ ಹೊರಬರುವ ರೆಕಾರ್ಡಿಂಗ್‌ಗಳ ಬಗ್ಗೆ ನನಗೆ ಮೊದಲಿಂದಲೂ ಒಂದು ಅಳುಕಿದೆ. ಅವರು ಬೇಡ ಅಂದು ಬದಿಗಿಟ್ಟದ್ದು, ಅರ್ಧಕ್ಕೆ ಬಿಟ್ಟದ್ದು, ಕೈ ನಡುಗುತ್ತಿದ್ದ ದಿನ ನುಡಿಸಿದ್ದು ಎಲ್ಲವೂ ಅಂಗಡಿಗೆ ಬಂದುಬಿಡುತ್ತದೆ. ಬೇಡ ಅನ್ನಲು ಅವರೇ ಇರುವುದಿಲ್ಲ. ಈ ಆಲ್ಬಂ ಆ ಅಳುಕನ್ನು ಪೂರ್ತಿ ಕಳೆಯಲಿಲ್ಲ. ಆದರೂ ಯಾವುದನ್ನು ಹೊರಗೆ ತರಬಹುದು, ಯಾರು ತರಬಹುದು, ಅದರಿಂದ ನಮಗೆ ನಿಜವಾಗಿ ಸಿಗುವುದೇನು ಅಂತ ಯೋಚಿಸಲು ಇದರಷ್ಟು ಒಳ್ಳೆಯ ಪ್ರಕರಣ ನನಗೆ ಬೇರೆ ಕಂಡಿಲ್ಲ. ಅದಕ್ಕೇ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಹದಿನಾರರ ಹುಡುಗ

ಹುಡುಗನ ಹೆಸರು ಡ್ಯಾನಿ ಶೆರ್. ವಯಸ್ಸು 16. ಜಾಝ್ ಅಂದರೆ ಪ್ರಾಣ. ಶಾಲೆಯಲ್ಲಿ ಇದು ಅವನ ಮೊದಲ ಕಛೇರಿಯೇನೂ ಅಲ್ಲ. ವಿನ್ಸ್ ಗ್ವಾರಾಲ್ಡಿ, ಜಾನ್ ಹೆಂಡ್ರಿಕ್ಸ್ ಅಂಥ ಜಾಝ್ ಕಲಾವಿದರನ್ನು ಆಗಲೇ ಕರೆಸಿದ್ದ. ಹೊರದೇಶಗಳಲ್ಲಿ ಶಾಲೆ ಕಟ್ಟುವಂಥ ಕೆಲಸಕ್ಕೆ ಹಣ ಕೂಡಿಸುವುದು ಕಛೇರಿಯ ಉದ್ದೇಶ. ಮಾಂಕ್ ಅವನ ಆರಾಧ್ಯ ದೈವ. ಅವರು ಸ್ಯಾನ್ ಫ್ರಾನ್ಸಿಸ್ಕೊದ ಜಾಝ್ ವರ್ಕ್‌ಶಾಪ್ ಎಂಬ ಕ್ಲಬ್ಬಿನಲ್ಲಿ ಕೆಲವು ವಾರ ನುಡಿಸಲು ಬರುತ್ತಾರೆ ಅಂತ ತಿಳಿದದ್ದೇ ತಡ, ಅವರ ಮ್ಯಾನೇಜರ್ ಜೂಲ್ಸ್ ಕೊಲಂಬಿಗೆ ಫೋನ್ ಮಾಡಿದ. 500 ಡಾಲರಿಗೆ ಮಾತಾಯಿತು. ಟಿಕೆಟ್ ಬೆಲೆ 2 ಡಾಲರ್.

ಕೇಳಲು ಸಲೀಸು. ಆದರೆ ಟಿಕೆಟ್ ಹೋಗಲಿಲ್ಲ. ಹುಡುಗ ಪೋಸ್ಟರ್ ಅಂಟಿಸಿದ. ಕಾರ್ಯಕ್ರಮ ಪುಸ್ತಿಕೆಗೆ ಅಂಗಡಿ ಅಂಗಡಿ ತಿರುಗಿ ಜಾಹೀರಾತು ಹಿಡಿದ. ಕೊನೆಗೆ ಹೆದ್ದಾರಿ ದಾಟಿ ಪಕ್ಕದ ಊರಿಗೂ ಹೋದ.

ಆ ಪಕ್ಕದ ಊರಿನ ಬಗ್ಗೆ ಹೇಳದೆ ಈ ಕಥೆ ಅರ್ಥವಾಗುವುದಿಲ್ಲ. ಆಗ ಪಾಲೊ ಆಲ್ಟೊ ಬಿಳಿಯರ, ಉಳ್ಳವರ ಊರು. ಬೇಶೋರ್ ಹೆದ್ದಾರಿಯ ಆಚೆ ಈಸ್ಟ್ ಪಾಲೊ ಆಲ್ಟೊ. ಅಲ್ಲಿ ಆಗ ಕರಿಯ ಜನರೇ ಜಾಸ್ತಿ. ಅದಕ್ಕೆ ಸ್ವಂತ ಪುರಸಭೆ ಕೂಡ ಇರಲಿಲ್ಲ. ಸ್ವತಂತ್ರ ನಗರ ಆದದ್ದು 1983ರಲ್ಲಿ. ಹೆಸರು ಹೆಚ್ಚುಕಡಿಮೆ ಒಂದೇ, ಬದುಕು ಬೇರೆ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಗಿತ್ತು. ಅಮೆರಿಕದ ಊರೂರಿನಲ್ಲಿ ಸಿಟ್ಟು ಕುದಿಯುತ್ತಿತ್ತು. ಈಸ್ಟ್ ಪಾಲೊ ಆಲ್ಟೊದ ಯುವಜನರು ತಮ್ಮ ಊರಿಗೆ ‘ನೈರೋಬಿ’ ಅಂತ ಹೆಸರಿಡಬೇಕು ಅಂತ ಹೋರಾಡುತ್ತಿದ್ದರು. ನವೆಂಬರ್‌ನಲ್ಲಿ ಅದು ಮತಕ್ಕೆ ಬಂದು ಸೋತಿತು. ಕಛೇರಿ ನಡೆದದ್ದು ಆ ಮತದಾನದ ಬಿಸಿಯ ನಡುವೆಯೇ.

ಅಂಥ ಕಡೆ ಒಬ್ಬ ಬಿಳಿ ಹುಡುಗ ಪೋಸ್ಟರ್ ಹಿಡಿದು ಬಂದ. ಇಲ್ಲಿ ಓಡಾಡುವುದು ನಿನಗೆ ಒಳ್ಳೆಯದಲ್ಲ ಅಂತ ಪೊಲೀಸರು ಎಚ್ಚರಿಸಿದರು. ಊರಿನ ಜನರೂ ನಂಬಲಿಲ್ಲ. ಮಾಂಕ್ ಅಂಥ ದೊಡ್ಡ ಮನುಷ್ಯ ಈ ಬಿಳಿಯರ ಹೈಸ್ಕೂಲಿಗೆ ಬರುತ್ತಾರಾ? ಕಣ್ಣಾರೆ ಕಂಡರೆ ನಂಬುತ್ತೇವೆ ಅಂದರು. ಹುಡುಗ ವಾದಕ್ಕೆ ಇಳಿಯಲಿಲ್ಲ. ಹಾಗಾದರೆ ಅವತ್ತು ಶಾಲೆಯ ಮುಂದೆ ಬಂದು ನಿಂತಿರಿ, ಅವರು ಬಂದದ್ದು ಕಂಡ ಮೇಲೆ ಟಿಕೆಟ್ ತಗೊಳ್ಳಿ ಅಂದ.

ಇತ್ತ ಅವನಿಗೇ ಇನ್ನೊಂದು ಚಿಂತೆ. ಕಳಿಸಿದ ಕರಾರುಪತ್ರ ಸಹಿಯಾಗಿ ವಾಪಸ್ ಬಂದಿರಲಿಲ್ಲ. ಕಛೇರಿಗೆ ಒಂದೆರಡು ದಿನ ಇದೆ ಅನ್ನುವಾಗ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲಿಗೆ ಫೋನ್ ಹಚ್ಚಿ ನೇರ ಮಾಂಕ್ ಅವರನ್ನೇ ಹಿಡಿದ. ಅವರಿಗೆ ಈ ಕಛೇರಿಯ ವಿಷಯವೇ ಗೊತ್ತಿರಲಿಲ್ಲ! ಹುಡುಗ ಎಲ್ಲ ಬಿಡಿಸಿ ಹೇಳಿದ. ಅವರಿಗೆ ಅಲ್ಲಿಂದ ಬರಲು ಗಾಡಿ ಇಲ್ಲ, ರಾತ್ರಿ ಮತ್ತೆ ಕ್ಲಬ್ಬಿನಲ್ಲಿ ಕೆಲಸ ಇದೆ. ನಮ್ಮಣ್ಣ ವ್ಯಾನ್ ತಂದು ಕರೆದುಕೊಂಡು ಬರುತ್ತಾನೆ, ವಾಪಸ್ಸೂ ಬಿಡುತ್ತಾನೆ ಅಂದ. ಮಾಂಕ್ ಒಪ್ಪಿದರು.

ಭಾನುವಾರ ಶಾಲೆಯ ಮುಂದೆ ಈಸ್ಟ್ ಪಾಲೊ ಆಲ್ಟೊದ ಜನ ಬಂದು ಕಾದು ನಿಂತರು. ವ್ಯಾನ್ ಬಂತು. ಮಾಂಕ್ ಇಳಿದರು. ಆಮೇಲೆ ಜನ ಟಿಕೆಟ್ ಕೊಂಡು ಒಳಗೆ ಹೋದರು. ಸಭಾಂಗಣ ತುಂಬಿತು. ಎರಡೂ ಊರಿನವರು ಒಂದೇ ಸೂರಿನ ಕೆಳಗೆ ಕೂತರು. ಹೆದ್ದಾರಿಯ ಎರಡು ಬದಿಯಲ್ಲಿ ಏನೇನು ನಡೆಯುತ್ತಿತ್ತೋ ಅದು ಮರುದಿನವೂ ನಡೆದಿರುತ್ತದೆ. ಒಂದು ಕಛೇರಿಯಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಟೇಪಿನಲ್ಲಿ ಕೇಳುವ ಚಪ್ಪಾಳೆ ಎರಡೂ ಊರಿನದ್ದು.

ಆ ವರ್ಷದ ಮಾಂಕ್

ಮಾಂಕ್ ಅವರಿಗೆ ಆಗ 51 ತುಂಬಿ ಎರಡು ವಾರವಾಗಿತ್ತು. ಜಾಝ್ ಕೇಳುವ ಜಗತ್ತಿನಲ್ಲಿ ಅವರು ಬಹಳ ದೊಡ್ಡ ಹೆಸರು. 1964ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲೂ ಬಂದಿದ್ದರು. ಆದರೆ ದೊಡ್ಡ ಹೆಸರಿನ ಹಿಂದೆ ಕಷ್ಟ ಬೇಕಾದಷ್ಟಿತ್ತು. 1951ರಲ್ಲಿ ನ್ಯೂಯಾರ್ಕ್ ಪೊಲೀಸರು ಅವರ ಕ್ಯಾಬರೆ ಕಾರ್ಡ್ ಕಿತ್ತುಕೊಂಡಿದ್ದರು. ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಆಗ ಆ ಪರವಾನಗಿ ಬೇಕೇ ಬೇಕಿತ್ತು. ಹಾಗಾಗಿ ಸ್ವಂತ ಊರಿನ ಕ್ಲಬ್ಬುಗಳ ಬಾಗಿಲು ಆರು ವರ್ಷ ಮುಚ್ಚಿತ್ತು. 1968ರಲ್ಲಿ ಬೇರೆಯದೇ ಹೊಡೆತ. ಆ ವರ್ಷ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿ ಬಂದಿದ್ದರು. ಎಳೆಯರೆಲ್ಲ ರಾಕ್ ಸಂಗೀತದ ಕಡೆ ಹೊರಟಿದ್ದರು. ಅವರ ರೆಕಾರ್ಡ್ ಕಂಪನಿ ಕೊಲಂಬಿಯಾಕ್ಕೆ ಅವರನ್ನು ಹೇಗೆ ಮಾರುವುದು ಅಂತ ತಿಳಿಯುತ್ತಿರಲಿಲ್ಲ.

ಅದೇ ವರ್ಷ ಕೊಲಂಬಿಯಾ ತಂದ ‘ಅಂಡರ್‌ಗ್ರೌಂಡ್’ ಆಲ್ಬಂನ ಹೊದಿಕೆ ನೋಡಿದರೆ ಇದು ಗೊತ್ತಾಗುತ್ತದೆ. ಮಾಂಕ್ ಬೆನ್ನಿಗೆ ಬಂದೂಕು ನೇತುಹಾಕಿಕೊಂಡು ಹಳೇ ಪಿಯಾನೊ ಮುಂದೆ ಕೂತಿದ್ದಾರೆ. ಎರಡನೇ ಮಹಾಯುದ್ಧದ ಫ್ರೆಂಚ್ ಭೂಗತ ಹೋರಾಟಗಾರರ ಅಡಗುತಾಣದಂಥ ದೃಶ್ಯ. ಆ ಹೊದಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅವರು ಬದುಕಿದ್ದಾಗ ಅವರ ಒಂದೂ ಆಲ್ಬಂನ ಸಂಗೀತಕ್ಕೆ ಬಾರದ ಗ್ರ್ಯಾಮಿ, ಹೊದಿಕೆಗೆ ಬಂತು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಅಂಥ ವರ್ಷದ ಒಂದು ಭಾನುವಾರ ಒಬ್ಬ ಹುಡುಗನ ಫೋನಿಗೆ ಓಗೊಟ್ಟು ಅವರು ಶಾಲೆಗೆ ಬಂದರು. ಜೊತೆಗೆ ಅವರ ಖಾಯಂ ಬಳಗ. ಟೆನರ್ ಸ್ಯಾಕ್ಸೋಫೋನಿನಲ್ಲಿ ಚಾರ್ಲಿ ರೌಸ್, ಬೇಸ್‌ನಲ್ಲಿ ಲ್ಯಾರಿ ಗೇಲ್ಸ್, ಡ್ರಮ್ಸ್‌ನಲ್ಲಿ ಬೆನ್ ರೈಲಿ. ರೌಸ್ 1959ರಿಂದ ಅವರ ಜೊತೆಗಿದ್ದವರು, ಉಳಿದಿಬ್ಬರು 1964ರಿಂದ.

ಟೇಪಿನಲ್ಲಿ ಇರುವುದು

ಒಟ್ಟು 47 ನಿಮಿಷ, ಆರು ರಚನೆ. ಮೊದಲನೆಯದು ‘ರೂಬಿ, ಮೈ ಡಿಯರ್’, ನಿಧಾನಗತಿಯ ಪ್ರೇಮದ ರಚನೆ. ಎರಡನೆಯದು ‘ವೆಲ್, ಯು ನೀಡಂಟ್’. ಇವೆರಡೂ ಮಾಂಕ್ ಅವರದೇ. ಎರಡನ್ನೂ ಅವರು ಮೊದಲು ಬ್ಲೂ ನೋಟ್ ಕಂಪನಿಗೆ ರೆಕಾರ್ಡ್ ಮಾಡಿದ್ದು ಒಂದೇ ದಿನ, 1947ರ ಅಕ್ಟೋಬರ್ 24ರಂದು. ಅಂದರೆ ಶಾಲೆಯ ಆ ಕಛೇರಿ ಶುರುವಾದದ್ದು 21 ವರ್ಷ ಜೊತೆಗಿದ್ದ ಎರಡು ರಚನೆಗಳಿಂದ. ಮಾಂಕ್ ಹೊಸದು ಬರೆಯುತ್ತಿಲ್ಲ, ಹಳೆಯದನ್ನೇ ನುಡಿಸುತ್ತಾರೆ ಅಂತ ಆಗಿನ ವಿಮರ್ಶಕರು ಗೊಣಗುತ್ತಿದ್ದರು. ನಮಗೆ ಇದು ದೂರು ಅಂತಲೇ ಅನಿಸುವುದಿಲ್ಲ, ಅಲ್ವಾ? ಒಂದೇ ರಾಗವನ್ನು ನಲವತ್ತು ವರ್ಷ ಹಾಡಿದವರನ್ನು ನಾವು ಕೂತು ಕೇಳುತ್ತೇವೆ. ಇವತ್ತು ಅದರಲ್ಲಿ ಏನು ಕಂಡಿತು ಅನ್ನುವುದೇ ನಮ್ಮ ಕುತೂಹಲ. ಈ ಟೇಪನ್ನೂ ಹಾಗೆ ಕೇಳಬೇಕು.

‘ವೆಲ್, ಯು ನೀಡಂಟ್’ ಹದಿಮೂರು ನಿಮಿಷ ದಾಟುತ್ತದೆ. ಮೊದಲು ನಾಲ್ಕೂ ಜನ ಸೇರಿ ಮೂಲ ಮಟ್ಟು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ಬೆಳೆಸುತ್ತಾರೆ. ಕೊನೆಗೆ ಮತ್ತೆ ಮಟ್ಟಿಗೆ ಮರಳುತ್ತಾರೆ. ಪಲ್ಲವಿಗೆ ಬಂದು ಸೇರುವ ಹಾಗೆ. ರೌಸ್ ನುಡಿಸುವಾಗ ಅವರ ಹಿಂದೆ ಮಾಂಕ್ ಏನು ಮಾಡುತ್ತಾರೆ ಅಂತ ಗಮನಿಸಿ. ಸುಮ್ನೆ ಜೊತೆಗೆ ನುಡಿಸುತ್ತಾ ಹೋಗುವುದಿಲ್ಲ. ಒಂದು ಸ್ವರಗುಚ್ಛ ಕುಟ್ಟುತ್ತಾರೆ, ನಿಲ್ಲಿಸುತ್ತಾರೆ. ಇನ್ನೊಂದು ಕುಟ್ಟುತ್ತಾರೆ, ಅದು ನೀವು ಕಾಯುತ್ತಿದ್ದ ಜಾಗದಲ್ಲಿ ಬರುವುದಿಲ್ಲ. ಬಲ್ಲ ಗಾಯಕನ ಬೆನ್ನಿಗೆ ಬಲ್ಲ ತಬಲಾಜಿ ಕೂತಾಗ ಒಮ್ಮೊಮ್ಮೆ ಕೈಬಿಟ್ಟು ನೋಡುತ್ತಾನಲ್ಲ, ಹಾಗೆ. ರೌಸ್ ಬೀಳುವುದಿಲ್ಲ. ಒಂಬತ್ತು ವರ್ಷದ ಒಡನಾಟ.

ಮಾಂಕ್ ಅವರ ಪಿಯಾನೊ ಮೊದಲ ಸಲ ಕೇಳುವ ನಮ್ಮವರು ಒಂದು ಪ್ರಶ್ನೆ ಕೇಳುತ್ತಾರೆ. ಇವರು ತಪ್ಪು ಮನೆ, ಅಂದರೆ ತಪ್ಪು ಕೀಲಿ, ಒತ್ತುತ್ತಿದ್ದಾರಾ? ಇಲ್ಲ. ಪಿಯಾನೊದಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಏನೂ ಇಲ್ಲ. ಹಾಡುವವರು ಜಾರಿ ಹೋಗಿ ಮುಟ್ಟುವ ಜಾಗ, ನಮ್ಮ ಗಮಕ ಮೀಂಡುಗಳೆಲ್ಲ ಇರುವ ಜಾಗ, ಆ ವಾದ್ಯದಲ್ಲಿ ಇಲ್ಲವೇ ಇಲ್ಲ. ಅಮೆರಿಕದ ಕರಿಯರ ಹಾಡಿನ ಪರಂಪರೆಯಾದ ಬ್ಲೂಸ್ ಸಂಗೀತದ ಜೀವ ಇರುವುದೂ ಅಲ್ಲೇ. ಮಾಂಕ್ ಅಕ್ಕಪಕ್ಕದ ಎರಡು ಮನೆಯನ್ನು ಒಟ್ಟಿಗೆ ಒತ್ತುತ್ತಾರೆ. ಎರಡೂ ಸ್ವರ ಒಂದಕ್ಕೊಂದು ಉಜ್ಜಿಕೊಂಡಾಗ ನಡುವಿನ ಸ್ವರ ಕಿವಿಯಲ್ಲಿ ಹುಟ್ಟುತ್ತದೆ. ಇದು ಹೊಳೆದ ದಿನದಿಂದ ನನಗೆ ಮಾಂಕ್ ಹತ್ತಿರವಾದರು. ಗಮಕ ಬಾರದ ವಾದ್ಯದಿಂದ ಗಮಕ ಬೇಡುವ ಮನುಷ್ಯ ಅವರು.

ಮೂರನೆಯದು ‘ಡೋಂಟ್ ಬ್ಲೇಮ್ ಮಿ’. ಇದು ಬೇರೆಯವರು ಬರೆದ ಹಳೇ ಜನಪ್ರಿಯ ಹಾಡು. ಇಲ್ಲಿ ಮಾಂಕ್ ಒಬ್ಬರೇ. ಎಡಗೈ ಕೆಳಗಿನ ಸ್ವರಕ್ಕೂ ನಡುವಿನ ಗುಚ್ಛಕ್ಕೂ ಉಯ್ಯಾಲೆಯಂತೆ ಜೀಕುತ್ತದೆ. 1920ರ ದಶಕದ ನ್ಯೂಯಾರ್ಕಿನ ಹಾರ್ಲೆಮ್‌ನ ಹಳೇ ಪಿಯಾನೊ ಶೈಲಿ ಅದು. ಅದಕ್ಕೆ ಸ್ಟ್ರೈಡ್ ಅನ್ನುತ್ತಾರೆ. ಮಾಂಕ್ ಬೆಳೆದದ್ದು ಆ ಪಿಯಾನೊ ವಾದಕರನ್ನು ಕೇಳುತ್ತಲೇ. ಆಧುನಿಕ ಜಾಝ್ ಕಟ್ಟಿದವರಲ್ಲಿ ಒಬ್ಬರು ಅಂತ ಹೆಸರಾದವರ ಕೈಯೊಳಗೆ ಅಜ್ಜಂದಿರ ಕಾಲದ ನಡಿಗೆ ಹಾಗೇ ಉಳಿದಿರುವುದು ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಆಮೇಲೆ ‘ಬ್ಲೂ ಮಾಂಕ್’, ಹದಿನಾಲ್ಕು ನಿಮಿಷ. ಆಲ್ಬಂನಲ್ಲಿ ಇದೇ ಉದ್ದ. ಹನ್ನೆರಡು ಅಳತೆಯ ಬ್ಲೂಸ್, ನಮ್ಮ ತಾಳದ ಆವರ್ತನದಂತೆ ತಿರುಗುತ್ತಲೇ ಇರುತ್ತದೆ. ಮಟ್ಟು ಎಷ್ಟು ಸರಳ ಅಂದರೆ ಮಕ್ಕಳೂ ಗುನುಗಬಹುದು. ಮಾಂಕ್ ಇಲ್ಲಿ ಯಾವ ಅವಸರವೂ ಇಲ್ಲದೆ ನುಡಿಸುತ್ತಾರೆ. ಒಂದು ಸಣ್ಣ ತುಣುಕು ಹಿಡಿದು ಅದನ್ನೇ ತಿರುಗಿಸಿ, ಮಗುಚಿ, ಮುರಿದು ನೋಡುತ್ತಾರೆ. ಸಭಿಕರ ಉಸಿರು ಬದಲಾಗುವುದು ಟೇಪಿನಲ್ಲೂ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಇಡೀ ಆಲ್ಬಂನ ಹೃದಯ ಇದೇ. ‘ಎಪಿಸ್ಟ್ರೊಫಿ’ ಮಾಂಕ್ ಅವರು ಕಛೇರಿ ಮುಗಿಸಲು ಯಾವಾಗಲೂ ನುಡಿಸುತ್ತಿದ್ದ ರಚನೆ. ಇಲ್ಲೂ ಹಾಗೇ. ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಜನ ಬಿಡುವುದಿಲ್ಲ. ಆಗ ಮಾಂಕ್ ಒಬ್ಬರೇ ಇನ್ನೊಂದು ಚಿಕ್ಕದನ್ನು ನುಡಿಸುತ್ತಾರೆ. ಅದರ ಮಾತು ಕೊನೆಗೆ ಆಡುತ್ತೇನೆ.

ಮೂರು ವಾರದ ಮೇಲೆ

ಈ ಟೇಪಿನ ಬೆಲೆ ತಿಳಿಯಬೇಕಾದರೆ ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅದೇ ನವೆಂಬರ್‌ನಲ್ಲಿ ಕೊಲಂಬಿಯಾ ಮಾಂಕ್ ಅವರನ್ನು ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಕೂರಿಸಿತು. ಸುತ್ತ ದೊಡ್ಡ ವಾದ್ಯವೃಂದ. ವಾದ್ಯ ಜೋಡಣೆ ಆಲಿವರ್ ನೆಲ್ಸನ್ ಅವರದು. ನೆಲ್ಸನ್ ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವೃಂದದಲ್ಲಿ ಮಾಂಕ್ ಅವರಿಗೆ ಉಸಿರಾಡಲು ಜಾಗ ಇಲ್ಲ. ಎರಡು ರಚನೆಗಳಂತೂ ನಿರ್ಮಾಪಕ ಟಿಯೊ ಮಸೇರೊ ಅವರವು. ‘ಮಾಂಕ್ಸ್ ಬ್ಲೂಸ್’ ಅಂತ ಅದು ಹೊರಬಂತು. ಕೊಲಂಬಿಯಾಕ್ಕೆ ಅವರು ಮಾಡಿದ ಕೊನೆಯ ಸ್ಟುಡಿಯೋ ಆಲ್ಬಂ ಅದೇ.

ಮಾಂಕ್ ಅವರ ಸಂಗೀತದಲ್ಲಿ ಅರ್ಧ ಕೆಲಸ ಮಾಡುವುದು ಬಿಟ್ಟ ಜಾಗ. ಸ್ವರ ಬರಬೇಕಾದ ಕಡೆ ಬಾರದೆ ಇರುವುದು. ಆ ವೃಂದ ಖಾಲಿ ಜಾಗವನ್ನೆಲ್ಲ ಹಿತ್ತಾಳೆ ವಾದ್ಯಗಳಿಂದ ತುಂಬಿಬಿಟ್ಟಿದೆ.

ಇದನ್ನು ಬಿಡಿಸಿ ಹೇಳಲು ಕಾರಣ ಇದೆ. 2020ರವರೆಗೆ 1968ರ ಕೊನೆಯ ಮಾಂಕ್ ಅಂದರೆ ಹೆಚ್ಚಿನ ಕೇಳುಗರಿಗೆ ಗೊತ್ತಿದ್ದದ್ದು ಆ ಆಲ್ಬಂ. ಅದನ್ನು ಕೇಳಿ ಮಾಂಕ್ ದಣಿದಿದ್ದರು, ಅವರ ಕಾಲ ಮುಗಿದಿತ್ತು ಅಂತ ತೀರ್ಮಾನ ಮಾಡಿದವರು ಇದ್ದಾರೆ. ಪಾಲೊ ಆಲ್ಟೊ ಟೇಪು ಆ ತೀರ್ಮಾನವನ್ನು ಸುಳ್ಳು ಮಾಡಿತು. ಮೂರು ವಾರ ಹಿಂದೆ, ಒಂದು ಶಾಲೆಯ ಪಿಯಾನೊದ ಮುಂದೆ, ಅವರು ಹೀಗೆ ನುಡಿಸುತ್ತಿದ್ದರು. ಕೋಟಿಗಟ್ಟಲೆ ವ್ಯವಹಾರದ ಕಂಪನಿ, ದೇಶದ ಒಳ್ಳೆಯ ಸ್ಟುಡಿಯೋ, ಹೆಸರಾಂತ ನಿರ್ಮಾಪಕರು ಎಲ್ಲ ಸೇರಿ ಹಿಡಿಯಲಾಗದ ಮಾಂಕ್ ಅವರನ್ನು ಶಾಲೆ ಗುಡಿಸುವ ಕೆಲಸದ ಒಬ್ಬರು ಹಿಡಿದರು. ಅವರು ಮಾಡಿದ್ದು ಎರಡೇ ಕೆಲಸ. ವಾದ್ಯವನ್ನು ಸರಿ ಮಾಡಿದರು, ಆಮೇಲೆ ಅಡ್ಡ ಬಾರದೆ ರೆಕಾರ್ಡ್ ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದು. ಕೇಳಲು ಬಲ್ಲವರು ಎಲ್ಲಿರುತ್ತಾರೆ ಅಂತ ಕಂಪನಿಗೆ ಗೊತ್ತಿರಲಿಲ್ಲ.

ಪೆಟ್ಟಿಗೆಯಿಂದ ಅಂಗಡಿಗೆ

ಕಛೇರಿ ಮುಗಿದ ಮೇಲೆ ಟೇಪು ಡ್ಯಾನಿಯ ಕೈಗೆ ಬಂತು. ಅವನು ಅದನ್ನು ಇಟ್ಟುಕೊಂಡ. ಮುಂದೆ ಇದೇ ಅವನ ವೃತ್ತಿಯಾಯಿತು. ಕಛೇರಿ ಏರ್ಪಡಿಸುವ ಬಿಲ್ ಗ್ರಹಾಂ ಅವರ ಸಂಸ್ಥೆ ಸೇರಿ ದೊಡ್ಡ ದೊಡ್ಡ ಕಛೇರಿಗಳನ್ನು ನಡೆಸಿದ. ಟೇಪು ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಾಗೇ ಇತ್ತು.

ಇತ್ತ ಮಾಂಕ್ 1970ರ ದಶಕದ ನಡುವೆ ನುಡಿಸುವುದನ್ನು ನಿಲ್ಲಿಸಿಬಿಟ್ಟರು. ಕೊನೆಯ ವರ್ಷಗಳನ್ನು ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ಗೆಳತಿ ಪನೋನಿಕಾ ಡಿ ಕೋನಿಗ್ಸ್‌ವಾರ್ಟರ್ ಅವರ ಮನೆಯಲ್ಲಿ ಕಳೆದರು. 1982ರ ಫೆಬ್ರವರಿ 17ರಂದು ತೀರಿಕೊಂಡರು.

ಎಷ್ಟೋ ವರ್ಷದ ಮೇಲೆ ಡ್ಯಾನಿ ಶೆರ್ ಮಾಂಕ್ ಅವರ ಮಗನನ್ನು ಸಂಪರ್ಕಿಸಿದರು. ಮಗ ಟಿ. ಎಸ್. ಮಾಂಕ್ ಸ್ವತಃ ಡ್ರಮ್ಸ್ ವಾದಕ, ತಂದೆಯ ಆಸ್ತಿ ಹಕ್ಕುಗಳನ್ನು ನೋಡಿಕೊಳ್ಳುವವರು. ಅಪ್ಪ ಒಂದು ಹೈಸ್ಕೂಲಿನಲ್ಲಿ ನುಡಿಸಿದ್ದರು ಅನ್ನುವುದು ಅವರಿಗೇ ಹೊಸ ಸುದ್ದಿ. ಕೇಳಿದರು. ಅಪ್ಪ ಅವತ್ತು ತುಂಬಾ ಖುಷಿಯಲ್ಲಿದ್ದರು ಅಂತ ಶುರುವಿನಲ್ಲೇ ಗೊತ್ತಾಯಿತು ಎಂದು ಹೇಳಿದ್ದಾರೆ. ತಂದೆಯ ಒಳ್ಳೆಯ ಕಛೇರಿ ರೆಕಾರ್ಡಿಂಗ್‌ಗಳಲ್ಲಿ ಇದು ಒಂದು ಅನ್ನುವುದು ಅವರ ಅಭಿಪ್ರಾಯ. ಮಗನ ಮಾತಿಗೆ ಇಲ್ಲಿ ಹೆಚ್ಚು ತೂಕ ಇದೆ. ಸಂಗೀತ ಬಲ್ಲವರು, ಅದರಲ್ಲೂ ಆ ಮನುಷ್ಯನ ಒಳ್ಳೆಯ ದಿನ ಕೆಟ್ಟ ದಿನ ಎರಡನ್ನೂ ಮನೆಯಲ್ಲಿ ಕಂಡವರು ಅವರು.

ಆಲ್ಬಂ 2020ರ ಜುಲೈ 31ಕ್ಕೆ ಬರಬೇಕಿತ್ತು. ಎಲ್ಲ ತಯಾರಾಗಿ ಪತ್ರಿಕೆಗಳಲ್ಲಿ ವಿಮರ್ಶೆ ಬರುತ್ತಿರುವಾಗ ಬಿಡುಗಡೆ ನಿಂತುಹೋಯಿತು. ಮಾಂಕ್ ಕುಟುಂಬಕ್ಕೂ ಅವರ ಹಳೆಯ ಕಂಪನಿಗೂ ತಕರಾರು ಎಂದು ಸುದ್ದಿಯಾಯಿತು. ಅದು ಬಗೆಹರಿದು ಸೆಪ್ಟೆಂಬರ್‌ನಲ್ಲಿ ಹೊರಬಂತು.

ಇಂಥ ಟೇಪಿಗೆ ಎಷ್ಟು ಜನ ವಾರಸುದಾರರು ಇರುತ್ತಾರೆ ಅಂತ ಯೋಚಿಸಿ. ಟೇಪು ಅನ್ನುವ ವಸ್ತು ಒಬ್ಬರದು. ಯಂತ್ರ ಹಾಕಿ ಹಿಡಿದವರು ಇನ್ನೊಬ್ಬರು. ನುಡಿಸಿದ್ದು ನಾಲ್ಕು ಜನ. ರಚನೆಗಳ ಹಕ್ಕು ಬೇರೆ. ಇವೆಲ್ಲದರ ಮೇಲೆ ಇನ್ನೊಂದು ಗಂಟು. ಕಲಾವಿದರು ಒಂದು ಕಂಪನಿಗೆ ಮಾತ್ರ ರೆಕಾರ್ಡ್ ಮಾಡುತ್ತೇನೆ ಅಂತ ಕರಾರು ಬರೆದುಕೊಟ್ಟಿದ್ದರೆ, ಆ ಅವಧಿಯಲ್ಲಿ ಎಲ್ಲೋ ನುಡಿಸಿದ್ದನ್ನು ಯಾರೋ ಹಿಡಿದಿದ್ದರೂ ಕಂಪನಿ ಮುಂದೆ ಬಂದು ನಮ್ಮದೂ ಪಾಲಿದೆ ಅನ್ನಬಹುದು. 1968ರಲ್ಲಿ ಮಾಂಕ್ ಇದ್ದದ್ದು ಕೊಲಂಬಿಯಾದ ಕರಾರಿನಲ್ಲಿ. ಟೇಪು ಕೈಯಲ್ಲಿದ್ದ ಮಾತ್ರಕ್ಕೆ ಅದರೊಳಗಿನ ನಾದ ನಮ್ಮದಾಗುವುದಿಲ್ಲ.

ನಮ್ಮ ಕಡೆಯೂ ಇದು ಗೊತ್ತಿರಬೇಕಾದ ವಿಷಯ. ಧಾರವಾಡ, ಹುಬ್ಬಳ್ಳಿ, ಮೈಸೂರು, ಬೆಂಗಳೂರಿನ ಎಷ್ಟೋ ಸಂಗೀತದ ಮನೆಗಳಲ್ಲಿ ಹಳೇ ಬೈಠಕ್‌ಗಳ ಸ್ಪೂಲು, ಕ್ಯಾಸೆಟ್ಟು ಇವತ್ತಿಗೂ ಇವೆ. ಮಲ್ಲಿಕಾರ್ಜುನ ಮನ್ಸೂರರೋ ಭೀಮಸೇನ ಜೋಶಿಯವರೋ ಯಾರದೋ ನಡುಮನೆಯಲ್ಲಿ ಕೂತು ಹಾಡಿದ ರಾತ್ರಿಗಳು. ಪ್ರೀತಿಯಿಂದ ಹಿಡಿದವು, ಪ್ರೀತಿಯಿಂದ ಕಾಪಾಡಿದವು. ಅಂಥವನ್ನು ಒಬ್ಬರು ಸುಮ್ನೆ ಅಂತರ್ಜಾಲಕ್ಕೆ ಏರಿಸಿಬಿಡುತ್ತಾರೆ, ಇನ್ನೊಬ್ಬರು ಯಾರಿಗೂ ಕೇಳಿಸದೆ ಬೀರುವಿನಲ್ಲಿ ಬೂಸ್ಟು ಹಿಡಿಸುತ್ತಾರೆ. ಡ್ಯಾನಿ ಶೆರ್ ಎರಡನ್ನೂ ಮಾಡಲಿಲ್ಲ. ಮನೆಯವರನ್ನು ಹುಡುಕಿಕೊಂಡು ಹೋದರು, ಅವರು ಹೂಂ ಅಂದ ಮೇಲೆ ಮುಂದುವರಿದರು. ನಿಧಾನವಾದ ದಾರಿ. ನನಗೆ ಸರಿ ಕಾಣುವುದು ಅದೇ.

ಕೇಳದೆ ಉಳಿದ ಒಬ್ಬರು

ಈಗ ಅಳುಕಿನ ಮಾತಿಗೆ ಬರುತ್ತೇನೆ. ಜ್ಯಾನಿಟರ್ ಡ್ಯಾನಿಯನ್ನು ಕೇಳಿದರು. ಡ್ಯಾನಿ ಮಗನನ್ನು ಕೇಳಿದರು. ಇದನ್ನು ಹೊರತರಬಹುದೇ ಅಂತ ಮಾಂಕ್ ಅವರನ್ನು ಕೇಳಲು ಆಗಲಿಲ್ಲ. ಸತ್ತವರ ಪರವಾಗಿ ನಾವು ಒಪ್ಪಿಗೆ ಊಹಿಸಿಕೊಳ್ಳುತ್ತೇವೆ. ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಊಹೆಯೇ.

ಬೇರೆ ಎರಡು ಉದಾಹರಣೆ ಪಕ್ಕಕ್ಕಿಟ್ಟು ನೋಡಿದೆ. ಮಾಂಕ್ ಅವರದೇ ಇನ್ನೊಂದಿದೆ. 1957ರ ನವೆಂಬರ್‌ನಲ್ಲಿ ಅವರು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ರೇಡಿಯೋ ಹಿಡಿದಿತ್ತು. ಆ ಟೇಪು 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿ ಅದೇ ವರ್ಷ ಹೊರಬಂತು. ರೇಡಿಯೋಗೆಂದೇ ಹಿಡಿದದ್ದು, ಲೋಕ ಕೇಳಲೆಂದೇ ನುಡಿಸಿದ್ದು. ಅಲ್ಲಿ ನನಗೆ ಅನುಮಾನವೇ ಇಲ್ಲ. ಇನ್ನೊಂದು ಬಿಲ್ ಎವನ್ಸ್ ಅವರದು. 1980ರ ಸೆಪ್ಟೆಂಬರ್ 15ರಂದು ತೀರಿಕೊಂಡ ಆ ಪಿಯಾನೊ ವಾದಕರು, ಸಾವಿಗೆ ಒಂದು ವಾರ ಇರುವಾಗಲೂ ಸ್ಯಾನ್ ಫ್ರಾನ್ಸಿಸ್ಕೊದ ಕೀಸ್ಟೋನ್ ಕಾರ್ನರ್ ಕ್ಲಬ್ಬಿನಲ್ಲಿ ರಾತ್ರಿ ರಾತ್ರಿ ನುಡಿಸಿದರು. ಅವು ಮುಂದೆ ದೊಡ್ಡ ದೊಡ್ಡ ಸಂಪುಟಗಳಾಗಿ ಬಂದವು. ಸಂಗೀತ ಅದ್ಭುತವಾಗಿದೆ. ಆದರೆ ಅದನ್ನು ಕೇಳುವಾಗ ನಾನು ಸ್ವರ ಕೇಳುತ್ತಿದ್ದೇನೋ ಸಾವಿನ ಹೆಜ್ಜೆ ಕೇಳುತ್ತಿದ್ದೇನೋ ಗೊತ್ತಾಗುವುದಿಲ್ಲ. ಕೆಲವು ರಾತ್ರಿ ಅರ್ಧಕ್ಕೇ ನಿಲ್ಲಿಸಿದ್ದೇನೆ.

ಪಾಲೊ ಆಲ್ಟೊ ಕೇಳುವಾಗ ಹಾಗಾಗುವುದಿಲ್ಲ. ಇದರಲ್ಲಿ ಯಾರೂ ಯಾರನ್ನೂ ಬೀಳ್ಕೊಡುತ್ತಿಲ್ಲ. ಒಂದು ಭಾನುವಾರದ ಕೆಲಸ, ಚೆನ್ನಾಗಿ ಆದ ಕೆಲಸ. ಮಾಂಕ್ ಅದನ್ನು ಬಚ್ಚಿಟ್ಟು ನುಡಿಸಲಿಲ್ಲ, ಟಿಕೆಟ್ ಕೊಂಡು ಬಂದ ಸಭೆಯ ಮುಂದೆ ನುಡಿಸಿದರು. ಅಭ್ಯಾಸದ ತುಣುಕಲ್ಲ, ಬೇಡ ಅಂತ ಬಿಟ್ಟದ್ದಲ್ಲ. ಕಛೇರಿ ಶುರುವಿನಿಂದ ಕೊನೆಯವರೆಗೆ ಇದೆ. ಹಾಗಾಗಿ ಇದನ್ನು ಹೊರತಂದದ್ದು ಸರಿ ಅನ್ನುವುದೇ ನನ್ನ ನಿಲುವು. ಅಳುಕು ಉಳಿದಿದೆ, ಉಳಿಯಲಿ.

2021ರಲ್ಲಿ ಇದೇ ಕಛೇರಿಯ ಇನ್ನೊಂದು ರೂಪವನ್ನು ಎಲ್‌ಪಿಯಲ್ಲಿ ತಂದರು. ಕಂಪನಿಯ ತಂತ್ರಜ್ಞರು ಕೈ ಹಾಕುವ ಮುಂಚೆ ಟೇಪಿನಲ್ಲಿ ಧ್ವನಿ ಹೇಗಿತ್ತೋ ಹಾಗೆ. ಅದರ ಹೆಸರಿನಲ್ಲಿ ‘ಕಸ್ಟೋಡಿಯನ್ಸ್ ಮಿಕ್ಸ್’ ಅಂತ ಸೇರಿಸಿದರು. ಶಾಲೆ ನೋಡಿಕೊಳ್ಳುವವರು ಹದಗೊಳಿಸಿದ ಧ್ವನಿ ಅಂತ ಅರ್ಥ. ಮೈಕನ್ನು ಎಲ್ಲಿಡಬೇಕು, ಯಾವುದನ್ನು ಎಷ್ಟು ಏರಿಸಬೇಕು ಅನ್ನುವುದು ಅವರೊಬ್ಬರ ಕಿವಿಯ ತೀರ್ಮಾನ. ಅದನ್ನು ಅವರ ಕೆಲಸದ ಹೆಸರಿನಲ್ಲೇ ಹೊರತಂದದ್ದು ನನಗೆ ತುಂಬಾ ಹಿಡಿಸಿತು.

ಉಳಿದದ್ದು ಆ ಕೊನೆಯ ಚಿಕ್ಕ ರಚನೆ. ‘ಐ ಲವ್ ಯು ಸ್ವೀಟ್‌ಹಾರ್ಟ್ ಆಫ್ ಆಲ್ ಮೈ ಡ್ರೀಮ್ಸ್’ ಅನ್ನುವ 1920ರ ದಶಕದ ಹಾಡು. ಎರಡು ನಿಮಿಷ, ಅಷ್ಟೇ. ಹೊರಗೆ ವ್ಯಾನ್ ಕಾಯುತ್ತಿದೆ, ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೆ ನುಡಿಸಬೇಕು. ರೌಸ್, ಗೇಲ್ಸ್, ರೈಲಿ ಮೂವರೂ ಸುಮ್ಮನಿದ್ದಾರೆ. ಶಾಲೆಯ ಪಿಯಾನೊ ಒಂದೇ ಕೇಳುತ್ತದೆ. ಶ್ರುತಿ ಚೆನ್ನಾಗಿ ಕೂತಿದೆ.